ಸಣ್ಣ ಕರುಳಿನ ಅಪರೂಪದ ಗೆಡ್ಡೆಗಳನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಯಬಹುದಾ?

ತೆಗೆಯಬಹುದು, ಆದರೆ ಎಲ್ಲ ಗೆಡ್ಡೆಗೂ ಇದು ಸರಿಹೋಗುವುದಿಲ್ಲ. ಗೆಡ್ಡೆ ಯಾವ ಬಗೆಯದು, ಎಷ್ಟು ದೊಡ್ಡದು, ಎಲ್ಲಿದೆ ಎಂದು ನೋಡಬೇಕು.

ಲ್ಯಾಪರೋಸ್ಕೋಪಿ ಎಂದರೆ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಮಾಡುವ ಆಪರೇಷನ್. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿ, 5ರಿಂದ 12 ಮಿಲಿಮೀಟರಿನ ಕೆಲವು ತೂತುಗಳಿಂದ ಕ್ಯಾಮೆರಾ, ಉಪಕರಣ ಇಳಿಸುತ್ತಾರೆ. ಗೆಡ್ಡೆಯಿರುವ ಕರುಳಿನ ಭಾಗವನ್ನು ಸಾಮಾನ್ಯವಾಗಿ ಹೊಕ್ಕುಳ ಹತ್ತಿರ ಸ್ವಲ್ಪ ಕೊಯ್ದು ಹೊರಗೆ ತಂದು, ಕತ್ತರಿಸಿ, ಉಳಿದ ಎರಡು ತುದಿ ಜೋಡಿಸಿ ಒಳಗೆ ಬಿಡುತ್ತಾರೆ. ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಓಡಾಡಬಹುದು.

ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ (GIST) ಎಂಬ ಗೆಡ್ಡೆಯಲ್ಲಿ ಮುಖ್ಯವಾದದ್ದು ಒಂದೇ: ಅದು ಒಡೆಯಬಾರದು. ಒಡೆದರೆ ಅದರ ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲಿ ಕಾಯಿಲೆ ಮತ್ತೆ ಬರುವ ಸಾಧ್ಯತೆ ಜಾಸ್ತಿಯಾಗುತ್ತದೆ. ಹಾಗಾಗಿ ಗೆಡ್ಡೆಯನ್ನೇ ಇಕ್ಕಳದಿಂದ ಹಿಡಿಯುವುದಿಲ್ಲ, ಚೀಲದೊಳಗೆ ಹಾಕಿ ತೆಗೆಯುತ್ತಾರೆ. ತುಂಬಾ ದೊಡ್ಡದಾಗಿದ್ದರೆ ಹೊಟ್ಟೆ ತೆರೆದು ಮಾಡುವುದೇ ವಾಸಿ.

ಹಾರ್ಮೋನ್ ತಯಾರಿಸುವ ಜೀವಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗೆಡ್ಡೆಗಳದ್ದು ಬೇರೆಯೇ ಕಷ್ಟ. ಪುಟ್ಟ ಪುಟ್ಟ ಗಂಟುಗಳು ಹಲವು ಕಡೆ ಇರಬಹುದು. ಸ್ಕ್ಯಾನ್‌ನಲ್ಲಿ, ಕ್ಯಾಮೆರಾದಲ್ಲಿ ಕಾಣದ್ದು ಬೆರಳಿಗೆ ಸಿಗುತ್ತದೆ. ಅದಕ್ಕೇ ಅನುಭವಿ ಸರ್ಜನ್ ಕರುಳನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದು ಪೂರ್ತಿ ಮುಟ್ಟಿ ನೋಡುತ್ತಾರೆ. ಕಾಯಿಲೆ ಹರಡಬಹುದಾದ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಅವು ಕರುಳಿಗೆ ರಕ್ತ ಕೊಡುವ ಮುಖ್ಯ ನಾಳದ ಬುಡಕ್ಕೆ ಅಂಟಿದ್ದರೆ ನನ್ನ ಪ್ರಕಾರ ಚಿಕ್ಕ ಗಾಯದ ಆಸೆ ಬಿಡುವುದೇ ಒಳ್ಳೆಯದು.

ಮಧ್ಯದಲ್ಲಿ ತೆರೆದ ಆಪರೇಷನ್‌ಗೆ ಬದಲಾಯಿಸಿದರೆ ಅದು ಸೋಲಲ್ಲ. ಯಾವಾಗ ಬದಲಾಯಿಸುತ್ತೀರಿ ಅಂತ ಮೊದಲೇ ಸರ್ಜನ್ ಹತ್ತಿರ ಕೇಳಿಕೊಳ್ಳಿ.