ಶೋ ಮುಗಿದ ಮೇಲೆ ಹಾಡೇ ಬೇಡವಾದಾಗ: ಒಬ್ಬ ಬೇಸ್ ಗಿಟಾರ್ ವಾದಕರ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಮಾಲೋಚನೆಗೆ ಬಂದವರು ಮೂವತ್ತೈದರ ಆಸುಪಾಸಿನ ಬೇಸ್ ಗಿಟಾರ್ (ಹಾಡಿಗೆ ತಗ್ಗಿನ ಸ್ವರಗಳನ್ನು ಕೊಡುವ ಗಿಟಾರ್) ವಾದಕರು. ಎರಡು ಬ್ಯಾಂಡ್‌ಗಳಲ್ಲಿ ಕಾಯಂ, ಇನ್ನೆರಡಕ್ಕೆ ಕರೆ ಬಂದಾಗ ಬದಲಿ. ವಾರಕ್ಕೆ ಮೂರು ನಾಲ್ಕು ಶೋ. ತೊಂದರೆಯನ್ನು ಒಂದೇ ಉಸಿರಿನಲ್ಲಿ ಹೇಳಿದರು: "ಮೇಡಂ, ಹಾಡು ಕೇಳೋ ಆಸೇನೇ ಹೋಗ್ಬಿಟ್ಟಿದೆ. ನುಡಿಸ್ತೀನಿ, ಆದ್ರೆ ಒಳಗೆ ಏನೂ ಆಗಲ್ಲ." ಖಿನ್ನತೆ ಇರಬಹುದೆಂದು ಅವರ ಪತ್ನಿ ಒತ್ತಾಯ ಮಾಡಿ ಕಳಿಸಿದ್ದರು. ಅದನ್ನೇ ಮೊದಲು ಪರಿಶೀಲಿಸಿದ್ದಾಯಿತು. ಹಸಿವು ಚೆನ್ನಾಗಿತ್ತು, ಗೆಳೆಯರ ಜೊತೆ ನಗು ಇತ್ತು, ಬದುಕು ಬೇಡವೆನ್ನುವ ಯೋಚನೆ ಇರಲಿಲ್ಲ. ಬತ್ತಿದ್ದು ಸಂಗೀತದ ಕಡೆಯ ಒರತೆ ಮಾತ್ರ. ಹೀಗಿದ್ದಾಗ ಮನಸ್ಸನ್ನು ಕೆದಕುವುದಕ್ಕಿಂತ ಮುಂಚೆ ದಿನಚರಿಯನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಬರೆಸುವುದು ಲೇಸು.

ಶೋ ಇದ್ದ ಒಂದು ದಿನದ ಪಟ್ಟಿ ಹೀಗಿತ್ತು. ಬೆಳಿಗ್ಗೆ 11ಕ್ಕೆ ಏಳುವುದು. 12ರಿಂದ 3ರವರೆಗೆ ಹೆಡ್‌ಫೋನ್ ಹಾಕಿಕೊಂಡು ಹೊಸ ಹಾಡುಗಳ ಬೇಸ್ ಲೈನ್ (ಬೇಸ್ ನುಡಿಸಬೇಕಾದ ಸ್ವರಸಾಲು) ಹಿಡಿಯುವುದು. 4ಕ್ಕೆ ಹೊರಟು, 5ಕ್ಕೆ ಸಾಮಾನು ಇಳಿಸಿ, 6ಕ್ಕೆ ಒಂದು ಗಂಟೆ ಸೌಂಡ್‌ಚೆಕ್ (ಶೋಗೆ ಮುಂಚಿನ ಸದ್ದಿನ ಪರೀಕ್ಷೆ). ಆಮೇಲೆ 9ರವರೆಗೆ ಕಾಯುವುದು. ವೇದಿಕೆ ಹತ್ತುವ ಮುಂಚೆ ಒಂದು ಸ್ಟ್ರಾಂಗ್ ಕಾಫಿ. 12ಕ್ಕೆ ಶೋ ಮುಗಿದು, ಕೇಬಲ್ ಸುತ್ತಿ, ಮನೆ ಸೇರುವಾಗ 2 ಗಂಟೆ. ಮಲಗುವುದು 4ಕ್ಕೆ. ಪತ್ನಿ ಬೆಳಿಗ್ಗೆ 8ಕ್ಕೆ ಕೆಲಸಕ್ಕೆ ಹೋಗುತ್ತಾರೆ.

ಕಿವಿಗೆ ಬೀಳುವ ಸದ್ದು ಎಷ್ಟು ಹೊತ್ತು ಎಂದು ಕೇಳಿದಾಗ ಅವರು ಹೇಳಿದ್ದು "ಮೂರು ಗಂಟೆ, ಶೋ ಅಷ್ಟೇ." ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. ಮಧ್ಯಾಹ್ನದ ಹೆಡ್‌ಫೋನ್, ಸೌಂಡ್‌ಚೆಕ್, ಶೋ ಎಲ್ಲ ಸೇರಿದರೆ ಏಳು ಗಂಟೆ. ದುಡಿಮೆಯಲ್ಲದ ಸಂಗೀತವಂತೂ ಇಲ್ಲವೇ ಇಲ್ಲ. ಮಲಗುವಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇರುತ್ತದೆಂಬುದನ್ನು ಹೊರಡುವಾಗ, ಬಾಗಿಲ ಹತ್ತಿರ ನಿಂತು ಹೇಳಿದರು. ವಾದಕರು ಇದನ್ನು ಕೊನೆಗೇ ಹೇಳುತ್ತಾರೆ. ಸುದ್ದಿ ಹರಡಿದರೆ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಭಯ.

ಕಿವಿ ಮೊದಲು

ಅದೇ ವಾರ ಶ್ರವಣ ತಜ್ಞರ ಬಳಿ ಕಳಿಸಲಾಯಿತು. ವರದಿಯಲ್ಲಿ 4000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಸುತ್ತ ತಗ್ಗು ಕಾಣಿಸಿತು, ಅಂದರೆ ಆ ಎತ್ತರದ ಸ್ವರಗಳು ಕಿವಿಗೆ ಕಡಿಮೆ ಕೇಳುತ್ತಿದ್ದವು. ದೊಡ್ಡ ಸದ್ದಿನಿಂದಾಗುವ ಹಾನಿ ಸಾಮಾನ್ಯವಾಗಿ 3000ರಿಂದ 6000 ಹರ್ಟ್ಸ್ ನಡುವೆಯೇ ಮೊದಲು ಕಾಣುತ್ತದೆ. "ನಾನು ನುಡಿಸೋದು ತಗ್ಗಿನ ಸ್ವರ, ಕಿವಿಗೆ ಅದೇನು ಮಾಡುತ್ತೆ" ಎಂದು ಅವರು ನಂಬಿದ್ದರು. ಬೇಸ್‌ನ ದಪ್ಪ ಇ ತಂತಿ ಸುಮಾರು 41 ಹರ್ಟ್ಸ್, ಅದು ನಿಜ. ಆದರೆ ಅವರು ನಿಲ್ಲುವುದು ಡ್ರಮ್ಮರ್‌ನ ಹೈಹ್ಯಾಟ್ (ಜೋಡಿ ಲೋಹದ ತಟ್ಟೆ, ಸಿಂಬಲ್) ಪಕ್ಕದಲ್ಲಿ. ಪೆಟ್ಟು ಬಿದ್ದದ್ದು ಸಿಂಬಲ್‌ನಿಂದ. ಆ ಬದಿಯ ಕಿವಿಯಲ್ಲೇ ತಗ್ಗು ಹೆಚ್ಚಿತ್ತು.

ಇಲ್ಲೊಂದು ಲೆಕ್ಕ ಮನದಟ್ಟಾಗಬೇಕಿತ್ತು. ಕೆಲಸಗಾರರ ಆರೋಗ್ಯ, ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. 15 ಡೆಸಿಬೆಲ್ ತಗ್ಗಿಸುವ ಇಯರ್‌ಪ್ಲಗ್ ಸರಿಯಾಗಿ ಕೂತರೆ 100 ಇದ್ದದ್ದು 85 ಆಗುತ್ತದೆ. ಹದಿನೈದು ನಿಮಿಷದ ಮಿತಿ ಎಂಟು ಗಂಟೆಗೆ ಹಿಗ್ಗುತ್ತದೆ.

ಪ್ಲಗ್ ಅವರು ಹಿಂದೆ ಬಳಸಿ ಬಿಸಾಡಿದ್ದರು. ಕಾರಣ ಸರಿಯಾಗಿಯೇ ಇತ್ತು. ಫೋಮ್ ಪ್ಲಗ್ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಬೆರಳು ತಂತಿಗೆ ತಾಗುವ ಟಕ್ ಎಂಬ ಸದ್ದು ಮಾಯವಾಗುತ್ತದೆ. ಆ ಸದ್ದಿಲ್ಲದಿದ್ದರೆ ಬೇಸಿಸ್ಟ್‌ಗೆ ತನ್ನ ತಾಳ ತನಗೇ ಸಿಗುವುದಿಲ್ಲ. ಆಗ ಜೋರಾಗಿ ಮೀಟುತ್ತಾರೆ, ಮಣಿಕಟ್ಟು ನೋಯುತ್ತದೆ. ಅವರಿಗೆ ಬಲಗೈ ನೋವೂ ಇತ್ತು, ಅದಕ್ಕೆ ಇದೂ ಒಂದು ಮೂಲ. ಹಾಗಾಗಿ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಪ್ಲಗ್ ಹಾಕಿಸಲು ಸೂಚಿಸಲಾಯಿತು. ಕಿವಿಯ ಅಚ್ಚು ತೆಗೆದು ಮಾಡುವ ಈ ಪ್ಲಗ್‌ಗಳಿಗೆ 9, 15, 25 ಡೆಸಿಬೆಲ್ ಫಿಲ್ಟರ್‌ಗಳು ಬರುತ್ತವೆ. ಇವರಿಗೆ 15.

ಅವರು ಅದನ್ನು ನೇರ ಶೋಗೇ ಹಾಕಿಕೊಂಡು ಹೋದರು. ಮೂರನೆಯ ಹಾಡಿಗೇ ಕಿತ್ತು ಜೇಬಿಗೆ ಹಾಕಿದರು. ಕೋರಸ್ ಹಾಡುವಾಗ ತಮ್ಮದೇ ದನಿ ತಲೆಯೊಳಗೆ ಗುಡುಗಿತಂತೆ. ಕಿವಿ ಮುಚ್ಚಿದಾಗ ಮೂಳೆಯ ಮೂಲಕ ಬರುವ ತಗ್ಗಿನ ಸದ್ದು ಹೊರಹೋಗದೆ ಒಳಗೇ ಉಳಿಯುವುದರಿಂದ ಹೀಗಾಗುತ್ತದೆ. ಪ್ಲಗ್ ಇನ್ನಷ್ಟು ಆಳಕ್ಕೆ ಕೂತರೆ ಇದು ಕಡಿಮೆಯಾಗುತ್ತದೆ. ಕ್ರಮ ಬದಲಾಯಿಸಿದ್ದಾಯಿತು: ಎರಡು ವಾರ ಮನೆಯ ಅಭ್ಯಾಸದಲ್ಲಿ ದಿನಕ್ಕೆ 20 ನಿಮಿಷ, ಆಮೇಲೆ ಪೂರ್ತಿ ರಿಹರ್ಸಲ್, ಕೊನೆಗೆ ಶೋ.

ಅವರ ಆಂಪ್ (ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ನೆಲದ ಮೇಲಿತ್ತು, ಒಂದೇ ಹೆಜ್ಜೆ ದೂರದಲ್ಲಿ. ಸ್ಪೀಕರ್‌ನ ಮುಖ ಮೊಣಕಾಲಿಗೆ. ಕಿವಿಗೆ ಸ್ಪಷ್ಟವಾಗಿ ಬಾರದ್ದರಿಂದ ವಾಲ್ಯೂಮ್ ಏರಿಸುತ್ತಿದ್ದರು. ಅದಕ್ಕೆ ಗಿಟಾರಿನವರೂ ಏರಿಸುತ್ತಿದ್ದರು. ಆಂಪನ್ನು ಹಿಂದಕ್ಕೆ ಬಾಗಿಸಿ ಮುಖ ಕಿವಿಯತ್ತ ತಿರುಗಿಸಿ, ಮೂಲೆಯಿಂದ ಈಚೆಗೆ ಎಳೆದು (ಮೂಲೆಯಲ್ಲಿ ತಗ್ಗಿನ ಸ್ವರಗಳು ಉಬ್ಬುತ್ತವೆ), ಬೇಸ್ ಗುಂಡಿಯ ಬದಲು 700ರಿಂದ 1000 ಹರ್ಟ್ಸ್ ಸುತ್ತಲಿನ ಮಿಡ್ಲ್ (ನಡುವಿನ ಸ್ವರಗಳು) ಸ್ವಲ್ಪ ಏರಿಸಿದರು. ಒಟ್ಟು ವಾಲ್ಯೂಮ್ ಇಳಿಸಿದರೂ ಸ್ವರ ಬಿಡಿಬಿಡಿಯಾಗಿ ಕೇಳಿಸಿತು.

ಹೆಡ್‌ಫೋನ್ ವಿಷಯಕ್ಕೂ ಇಂಥದೇ ಒಂದು ದಾರಿ ಇದೆ. ಕಡಿಮೆ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಇನ್ನೂ ಕ್ಷೀಣವಾಗಿ ಕೇಳುತ್ತವೆ. ಹಾಡಿನಲ್ಲಿ ಹುದುಗಿದ ಬೇಸ್ ಲೈನ್ ಹಿಡಿಯಲೆಂದು ಅವರು ವಾಲ್ಯೂಮನ್ನು ತುದಿಗೆ ಒಯ್ಯುತ್ತಿದ್ದರು. ಬದಲಿಗೆ ಹಾಡಿನ ವೇಗ ಕೆಡಿಸದೆ ಶ್ರುತಿ ಬದಲಿಸುವ ಆ್ಯಪ್‌ನಲ್ಲಿ ಹಾಡನ್ನು 12 ಸೆಮಿಟೋನ್, ಅಂದರೆ ಪೂರ್ತಿ ಒಂದು ಸ್ಥಾಯಿ ಮೇಲಕ್ಕೆತ್ತಬೇಕು. 41 ಹರ್ಟ್ಸ್ ಇದ್ದದ್ದು 82ಕ್ಕೆ ಬರುತ್ತದೆ, ಗಿಟಾರಿನ ದಪ್ಪ ತಂತಿಯ ಮಟ್ಟಕ್ಕೆ. ಗಾಯಕರ ದನಿ ಅಳಿಲಿನಂತಾಗುತ್ತದೆ, ಆದರೆ ಬೇಸ್ ಲೈನ್ ಅರ್ಧ ವಾಲ್ಯೂಮಿನಲ್ಲೇ ಸಿಗುತ್ತದೆ. 45 ನಿಮಿಷಕ್ಕೊಮ್ಮೆ ಹೆಡ್‌ಫೋನ್ ತೆಗೆದಿಡುವುದು ಕಡ್ಡಾಯ.

ಬೇಕಾದ ಹಾಡು, ಬೇಡಿಕೆಯ ಹಾಡು

ಬ್ಯಾಂಡ್ ನುಡಿಸುವುದು ಜನ ಕುಣಿಯುವ ಹಾಡು. ಇವರಿಗೆ ಪ್ರಾಣ ಅರವತ್ತರ ದಶಕದ ಸೋಲ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ), ಜಮೈಕಾದ ನಿಧಾನದ ಡಬ್ ರೆಗ್ಗೆ, ಹಳೆಯ ಜಾಜ್. "ನಂಗಿಷ್ಟ ಆದದ್ದು ಯಾರಿಗೂ ಬೇಡ ಮೇಡಂ, ಅವ್ರಿಗೆ ಬೇಕಾದದ್ದು ನಂಗಿಷ್ಟ ಇಲ್ಲ." ಈ ಮಾತನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಸೆಟ್‌ಲಿಸ್ಟಿನ ಪ್ರತಿ ಹಾಡಿನ ಮುಂದೆ ಒಂದು ಗುರುತು ಹಾಕಿ ತರಲು ಹೇಳಲಾಯಿತು: ನುಡಿಸುವಾಗ ಮೈ ಹಗುರಾಗುವ ಹಾಡು ಯಾವುದು, ಗಡಿಯಾರ ನೋಡುವಂತಾಗುವ ಹಾಡು ಯಾವುದು. ಬಂದ ಪಟ್ಟಿ ಅವರಿಗೇ ಅಚ್ಚರಿ ತಂದಿತು. ಅವರು ಕೀಳೆಂದುಕೊಂಡಿದ್ದ, ಎರಡೇ ಸ್ವರದ ಹಲವು ಹಾಡುಗಳಿಗೆ "ಹಗುರ" ಎಂಬ ಗುರುತು ಬಿದ್ದಿತ್ತು. ಎಲ್ಲದರಲ್ಲೂ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಒಟ್ಟಿಗೇ ಬೀಳುತ್ತಿದ್ದವು. ಬೇಸರ ತಂದ ಹಾಡುಗಳೆಲ್ಲ ಆ ವಾರ ಅವಸರದಲ್ಲಿ ಕಲಿತವು. ಹಾಗಾದರೆ ದೂರು ಹಾಡಿನ ಶೈಲಿಯ ಮೇಲಲ್ಲ, ತಯಾರಿಯ ಒತ್ತಡದ ಮೇಲೆ.

ಇನ್ನೊಂದು ಗೀಳಿತ್ತು. ಬೇಸಿಸ್ಟ್ ಸರಿಯಾಗಿ ನುಡಿಸಿದರೆ ಯಾರೂ ಗಮನಿಸುವುದಿಲ್ಲ, ತಪ್ಪಿದರೆ ಬ್ಯಾಂಡೇ ತಿರುಗಿ ನೋಡುತ್ತದೆ. ವರ್ಷಗಟ್ಟಲೆ ಇದೇ ಆದರೆ ಮನಸ್ಸಿನಲ್ಲಿ ತಪ್ಪುಗಳಷ್ಟೇ ಉಳಿಯುತ್ತವೆ. ಪಟ್ಟಿಯಲ್ಲಿ ಬರೆಯದಿದ್ದರೂ, ರಾತ್ರಿ 2ರಿಂದ 4ರವರೆಗೆ ಇವರು ಮಾಡುತ್ತಿದ್ದದ್ದು ಅಂದಿನ ರೆಕಾರ್ಡಿಂಗ್ ಹಾಕಿಕೊಂಡು ತಪ್ಪು ಹುಡುಕುವುದು. ಅದನ್ನು ನಿಲ್ಲಿಸಿ ಮೂರು ಸಾಲಿನ ಟಿಪ್ಪಣಿ ಕೊಡಲಾಯಿತು. ಸಾಮಾನು ಕಟ್ಟಿದ ಮೇಲೆ, ಮನೆಗೆ ಹೊರಡುವ ಮುಂಚೆ ಬರೆಯಬೇಕು: ಎಲ್ಲಿ ಡ್ರಮ್ಮರ್ ಜೊತೆ ಚೆನ್ನಾಗಿ ಕೂತಿತು, ಎಲ್ಲಿ ಜಾರಿತು (ಹಾಡು ಮತ್ತು ಜಾಗ ಮಾತ್ರ, ಬೈಗುಳ ಬೇಡ), ನಾಳೆ ಹತ್ತು ನಿಮಿಷ ಏನು ಅಭ್ಯಾಸ. ರೆಕಾರ್ಡಿಂಗ್ ಮರುದಿನ ಮಧ್ಯಾಹ್ನ, ಗುರುತು ಮಾಡಿದ ಜಾಗದಷ್ಟೇ.

ಅವರ ಆರಾಧ್ಯ ದೈವ ಜೇಮ್ಸ್ ಜೇಮರ್ಸನ್. ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಅಸಂಖ್ಯ ಹಿಟ್‌ಗಳಿಗೆ ಬಲಗೈಯ ಒಂದೇ ತೋರುಬೆರಳಿನಿಂದ ಬೇಸ್ ನುಡಿಸಿದವರು. ಅರವತ್ತರ ದಶಕದ ಆ ರೆಕಾರ್ಡ್‌ಗಳ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. "ಅವ್ರೂ ಹೆಸರಿಲ್ದೇ ನುಡಿಸ್ಲಿಲ್ವಾ" ಎಂದು ಇವರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆ ಕಥೆಯ ಉಳಿದ ಭಾಗವನ್ನೂ ಮಾತಿಗೆ ತರಬೇಕಾಯಿತು: ಕುಡಿತ ಆರೋಗ್ಯ ಕೆಡಿಸಿ ಜೇಮರ್ಸನ್ 1983ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು. ಯಾರೂ ಗುರುತಿಸದ ನೋವನ್ನು ಒಳಗೇ ನುಂಗುವುದು ವೃತ್ತಿಧರ್ಮವೇನಲ್ಲ. ಇವರು ಡ್ರಮ್ಮರ್ ಬಳಿ ಬಾಯಿಬಿಟ್ಟು ಕೇಳಿದರು, "ನಿನ್ನೆ ಹೇಗಿತ್ತು ಹೇಳು." ಇಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲವಂತೆ.

ಮನೆಪಾಠವಾಗಿ ವಾರಕ್ಕೆ ಎರಡು ಸಲ 20 ನಿಮಿಷ ಬೇಸ್ ಗಿಟಾರೇ ಇಲ್ಲದ ಸಂಗೀತ: ಒಂಟಿ ಕೊಳಲು, ಪಿಯಾನೊ, ಬರೀ ದನಿ. ವಾದ್ಯ ಕೈಯಲ್ಲಿರಬಾರದು, ಹೆಡ್‌ಫೋನ್ ಬೇಡ, ಸ್ಪೀಕರ್‌ನಲ್ಲಿ ಮಾತಿನ ಮಟ್ಟದ ಸದ್ದು. ಬೇಸ್ ಇದ್ದರೆ ಅವರ ಕಿವಿ ತಾನಾಗಿ ಅದರ ಹಿಂದೆ ಓಡುತ್ತದೆ, ಕೆಲಸ ಶುರುವಾಗುತ್ತದೆ. ಸೋಲ್ ಹಾಡುಗಳಿಗೆ ಆರು ವಾರ ರಜೆ ಕೊಟ್ಟೆವು. ಇದಕ್ಕೆ ಅವರು ಜಗಳವಾಡಿದರು, ಆದರೆ ಪಾಲಿಸಿದರು.

ನಿದ್ದೆ, ಮನೆ

ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. 9ರ ಕಾಫಿ 2 ಗಂಟೆಗೂ ಅರ್ಧ ಉಳಿದಿರುತ್ತದೆ. ಕಾಫಿ ಸಂಜೆ 5ಕ್ಕೇ ಮುಗಿಯಬೇಕು. ಮನೆಗೆ ಬಂದ ಮೇಲೆ ಮಂದ ಬೆಳಕು, ಬಿಸಿನೀರ ಸ್ನಾನ, 3ಕ್ಕೆ ಹಾಸಿಗೆ, ಕಿಟಕಿಗೆ ದಪ್ಪ ಪರದೆ. ಶೋ ಇಲ್ಲದ ದಿನವೂ ಏಳುವ ಹೊತ್ತು ಎರಡು ಗಂಟೆಗಿಂತ ಹೆಚ್ಚು ಹಿಂದೆಮುಂದೆ ಆಗಬಾರದು. ಪೂರ್ಣ ಮೌನದಲ್ಲಿ ಕಿವಿಯ ಗುಂಯ್ ಎದ್ದು ಕಾಣುವುದರಿಂದ ಸಣ್ಣಗೆ ಫ್ಯಾನ್ ಸದ್ದು ಇರಲಿ.

ಪತ್ನಿಯನ್ನು ಒಮ್ಮೆ ಜೊತೆಗೆ ಕರೆಸಲಾಯಿತು. ಅವರ ದೂರು ತಡರಾತ್ರಿಯದಲ್ಲ. "ಕೊನೇ ಗಳಿಗೇಲಿ ಫೋನ್ ಬಂದ್ರೆ ಇವ್ರು ಆಯ್ತು ಅಂದ್ಬಿಡ್ತಾರೆ. ನಾನು ಕೇಳಿದ್ದಕ್ಕೆ ಮಾತ್ರ ನೋಡೋಣ ಅಂತಾರೆ." ಒಂದು ಸಲ ಇಲ್ಲವೆಂದರೆ ಮತ್ತೆ ಕರೆಯುವುದಿಲ್ಲ ಎಂಬ ದಿಗಿಲು ಎಲ್ಲ ಬದಲಿ ವಾದಕರಿಗೂ ಇರುತ್ತದೆ, ಅದು ಆಧಾರವಿಲ್ಲದ್ದೂ ಅಲ್ಲ. ಆದ್ದರಿಂದ ನಿರಾಕರಿಸುವುದನ್ನು ಕಲಿಸಲು ಹೋಗಲಿಲ್ಲ, ತಡಮಾಡುವುದನ್ನು ಕಲಿಸಲಾಯಿತು: "ಒಂದು ಗಂಟೆ ಕೊಡಿ, ನೋಡಿ ಹೇಳ್ತೀನಿ." ಆ ಒಂದು ಗಂಟೆಯಲ್ಲಿ ಪತ್ನಿಗೆ ಫೋನ್. ವಾರಕ್ಕೊಂದು ಸಂಜೆ ಇಬ್ಬರೂ ಸೇರಿ ಮೊದಲೇ ಕಾಯ್ದಿರಿಸಬೇಕು, ಯಾವ ಬ್ಯಾಂಡ್ ಕರೆದರೂ ಅದನ್ನು ಮುಟ್ಟುವಂತಿಲ್ಲ. ಮನೆಯ ಖರ್ಚನ್ನು ಹೋದ ವರ್ಷದ ಅತಿ ಕಡಿಮೆ ಗಳಿಕೆಯ ಮೂರು ತಿಂಗಳ ಸರಾಸರಿಗೆ ಹೊಂದಿಸಿಕೊಳ್ಳಲು ಹೇಳಲಾಯಿತು. ಆ ಲೆಕ್ಕ ಕೂತ ಮೇಲೆ ದಿಗಿಲು ಎಷ್ಟೋ ಇಳಿಯಿತು.

ಈಗಿನ ಸ್ಥಿತಿ

ನಿದ್ದೆ ಸುಧಾರಿಸಿದೆ. ಕಿವಿಯ ತಗ್ಗು ವಾಸಿಯಾಗುವಂಥದ್ದಲ್ಲ, ಅದನ್ನು ನೇರವಾಗಿಯೇ ಹೇಳಲಾಗಿದೆ. ಗುಂಯ್ ಸದ್ದು ಇದೆ, ಆದರೆ ನಿದ್ದೆ ಕೆಡಿಸುವಷ್ಟಿಲ್ಲ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಶೋ ಬಿಟ್ಟಾದರೂ ಅಂದೇ ವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ಅದರ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ನಿರ್ಣಾಯಕ. ರಜೆ ಮುಗಿದ ಮೇಲೆ ಸೋಲ್ ಹಾಡುಗಳಿಗೆ ಮರಳಿದ್ದಾರೆ, ಪತ್ನಿಯ ಜೊತೆ ಕೂತು ಕೇಳುತ್ತಾರೆ. ಎರಡನೆಯ ಬ್ಯಾಂಡಿನಲ್ಲಿ ಮಾನಿಟರ್ (ವೇದಿಕೆಯಲ್ಲಿರುವವರಿಗೆ ಕೇಳಿಸಲು ಇಟ್ಟ ಸ್ಪೀಕರ್) ಸದ್ದು ಇಳಿಸಲು ಗಾಯಕರು ಇನ್ನೂ ಒಪ್ಪಿಲ್ಲ. ಅಲ್ಲಿ ಹೈಹ್ಯಾಟ್‌ನಿಂದ ದೂರ, ಡ್ರಮ್ಮರ್‌ನ ಇನ್ನೊಂದು ಬದಿಗೆ ನಿಲ್ಲುವ ಏರ್ಪಾಡು ಮುಂದಿನ ರಿಹರ್ಸಲ್‌ನಲ್ಲಿ ಆಗಬೇಕಿದೆ.