ರೆಸ್ಟೋರೆಂಟ್‌ಗೆ ತಟ್ಟೆ, ಲೋಟ, ಚಮಚ ಆರಿಸುವುದು ಹೇಗೆ?

40 ಸೀಟಿನ ರೆಸ್ಟೋರೆಂಟ್ ತೆರೆಯುತ್ತಿದ್ದೇನೆ, ಶೋರೂಮಿನಲ್ಲಿ ಕಂಡ ಹೊಳಪಿಲ್ಲದ ಕಪ್ಪು ತಟ್ಟೆಗಳು ತುಂಬಾ ಹಿಡಿಸಿವೆ, ಅವನ್ನೇ ತರಲಾ, ಎಷ್ಟು ತರಲಿ, ಟೇಬಲ್ ಮೇಲೆ ಏನೇನು ಇಡಲಿ ಅಂತ ಕೇಳಿದ್ದೀರಿ. ನಾನು ಬಡಿಸುವ ಕೆಲಸವನ್ನೂ ಮಾಡಿದ್ದೇನೆ, ಸಾಮಾನು ಕೊಳ್ಳುವ ಕೆಲಸವನ್ನೂ ಮಾಡಿದ್ದೇನೆ. ಆರ್ಡರ್ ಈಗಲೇ ಕೊಡಬೇಡಿ. ಮೊದಲು ಒಂದೇ ಒಂದು ತಟ್ಟೆ ಕೊಂಡು ಅಡುಗೆಮನೆಗೆ ತನ್ನಿ.

ತಂದು, ಅದರ ಮೇಲೆ ಫೋರ್ಕನ್ನು ಒತ್ತಿ ಎಳೆಯಿರಿ. ಬೂದು ಗೆರೆ ಬಿತ್ತಾ? ಅದು ತಟ್ಟೆಗೆ ಆದ ಗೀರಲ್ಲ, ಫೋರ್ಕಿನ ಲೋಹ ತಟ್ಟೆಗೆ ಹತ್ತಿಕೊಂಡಿರುವುದು. ನುಣುಪಾದ ಹೊಳಪಿನ ಮೇಲೆ ಇದು ಕಡಿಮೆ, ಹೊಳಪಿಲ್ಲದ ಒರಟು ಮೈ ಮೇಲೆ ಜಾಸ್ತಿ. ಉಜ್ಜುವ ಪುಡಿ ಹಾಕಿ ತೆಗೆಯಬಹುದು, ಆದರೆ ದಿನಾ ರಾತ್ರಿ ಅಷ್ಟು ತಟ್ಟೆ ಉಜ್ಜುತ್ತಾ ಕೂರುವವರು ಯಾರು? ಕಪ್ಪು ಬಣ್ಣಕ್ಕೆ ಇನ್ನೊಂದು ತೊಂದರೆ ಇದೆ. ಒಣಗಿದ ನೀರಿನ ಕಲೆ, ಎಣ್ಣೆ ಕೈಯ ಬೆರಳಚ್ಚು ಎಲ್ಲಾ ಎದ್ದು ಕಾಣುತ್ತವೆ. ಶೋರೂಮಿನ ದೀಪದ ಕೆಳಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಕಪ್ಪು ಬೇಕೇ ಬೇಕು ಅನ್ನಿಸಿದರೆ ಒಂದೆರಡು ವಿಶೇಷ ಐಟಂಗೆ ಮಾತ್ರ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಬಿಳಿ ಅಥವಾ ತಿಳಿ ಬಣ್ಣದ್ದೇ ಇರಲಿ.

ಅದೇ ತಟ್ಟೆಯನ್ನು ತಿರುಗಿಸಿ ತಟ್ಟೆ ಕೂರುವ ಉಂಗುರದಂಥ ಉಬ್ಬನ್ನು ಬೆರಳಿನಿಂದ ಸವರಿ. ಅದು ತರಿತರಿಯಾಗಿದ್ದರೆ, ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ತಟ್ಟೆಯನ್ನು ಗೀಚುತ್ತದೆ. ಅಂಚನ್ನೂ ನೋಡಿ. ತೆಳ್ಳಗೆ ಚೂಪಾದ ಅಂಚು ಬೇಗ ಚಕ್ಕೆ ಏಳುತ್ತದೆ, ದಪ್ಪಗೆ ದುಂಡಾಗಿ ಮಡಚಿದ ಅಂಚು ಬಾಳಿಕೆ ಬರುತ್ತದೆ. ಚಕ್ಕೆ ಎದ್ದ ತಟ್ಟೆಯನ್ನು ಗಿರಾಕಿಯ ಮುಂದೆ ಇಡಲೇಬಾರದು.

ಯಾವ ಮಣ್ಣಿನದು ಅನ್ನುವುದೂ ಮುಖ್ಯ. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣಿನ ಪಾತ್ರೆ ನೋಡಲು ಚೆಂದ, ಆದರೆ ಒಳಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮೇಲಿನ ಹೊಳಪಿನ ಲೇಪ ಒಡೆದ ಕಡೆ ನೀರು ಹೀರಿ ಕಲೆ ಹಿಡಿಯುತ್ತದೆ. ಜಾಸ್ತಿ ಶಾಖದಲ್ಲಿ ಸುಟ್ಟ ಪಿಂಗಾಣಿ ನೀರು ಹೀರುವುದು ಶೇ. 0.5ರಷ್ಟೂ ಇಲ್ಲ. ದಿನವಿಡೀ ಬಳಸುವ ಜಾಗಕ್ಕೆ ನನ್ನ ಆಯ್ಕೆ ಅದೇ. ಬೋನ್ ಚೈನಾ ಅನ್ನುವ ಪಿಂಗಾಣಿ ತೆಳುವಾಗಿದ್ದರೂ ಗಟ್ಟಿ. ಆದರೆ ಅದರಲ್ಲಿ ನಿಜವಾಗಿಯೂ ಪ್ರಾಣಿಗಳ ಮೂಳೆಯ ಬೂದಿ ಇರುತ್ತದೆ. ನಿಮ್ಮದು ಸಸ್ಯಾಹಾರಿ ರೆಸ್ಟೋರೆಂಟ್ ಆದರೆ ಇದನ್ನು ಮೊದಲೇ ಯೋಚಿಸಿ. ಮೆಲಮೈನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಗೀರು ಬೀಳುತ್ತದೆ, ಮೈಕ್ರೋವೇವ್‌ಗೆ ಹಾಕುವಂತಿಲ್ಲ.

ಇನ್ನು ಅಳತೆ. ಜನ ಇಲ್ಲೇ ಎಡವುವುದು. ದೊಡ್ಡ ತಟ್ಟೆ ಸಾಮಾನ್ಯವಾಗಿ 27 ಸೆಂ.ಮೀ. ಅಗಲ ಇರುತ್ತದೆ. ಇಬ್ಬರು ಎದುರುಬದುರು ಕೂರುವ ಟೇಬಲ್ ಬರೀ 60 ಸೆಂ.ಮೀ. ಇದ್ದರೆ, ಎರಡು ತಟ್ಟೆಗೇ 54 ಹೋಯಿತು. ಮಧ್ಯದಲ್ಲಿ ಉಳಿಯುವ 6 ಸೆಂ.ಮೀ.ನಲ್ಲಿ ಏನೂ ಇಡಲಾಗದು, ಲೋಟ, ಬಟ್ಟಲು ಎಲ್ಲಾ ಪಕ್ಕಕ್ಕೆ ಹೋಗಿ ಅಂಚಿಗೆ ಬರುತ್ತವೆ. ಅದಕ್ಕೇ ಮೊದಲು ಟೇಬಲ್, ಆಮೇಲೆ ತಟ್ಟೆ. ರಟ್ಟನ್ನು ತಟ್ಟೆ, ಬಟ್ಟಲಿನ ಪೂರ್ತಿ ಅಗಲಕ್ಕೆ, ಲೋಟದ ತಳದ ಅಳತೆಗೆ ಕತ್ತರಿಸಿ ಟೇಬಲ್ ಮೇಲೆ ಹರಡಿ ನೋಡಿ. ನಿಮ್ಮ ಮೆನುವಿನಲ್ಲಿ ಒಟ್ಟಿಗೆ ಬರುವ ಐಟಂಗಳೆಲ್ಲ ಹಿಡಿಸುತ್ತವಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅಕ್ಕಪಕ್ಕ ಕೂರುವವರಿಗೆ ತಲಾ 60 ಸೆಂ.ಮೀ. ಅಗಲ ಸಿಕ್ಕರೆ ಮೊಣಕೈ ತಾಗುವುದಿಲ್ಲ.

ತಟ್ಟೆ ದೊಡ್ಡದಾದಷ್ಟೂ ಅದರಲ್ಲಿನ ಊಟ ಕಡಿಮೆ ಕಾಣುತ್ತದೆ. ದೊಡ್ಡ ವೃತ್ತದೊಳಗಿನ ವೃತ್ತ ಚಿಕ್ಕದಾಗಿ ಕಾಣುವ ಈ ಕಣ್ಣಿನ ಮೋಸವನ್ನು ಬೆಲ್ಜಿಯಂನ ಮನೋವಿಜ್ಞಾನಿ ಜೋಸೆಫ್ ಡೆಲ್‌ಬೋಫ್ 1865ರಲ್ಲೇ ಬರೆದಿಟ್ಟಿದ್ದರು. ಅಡುಗೆಯವರ ಕಣ್ಣಿಗೂ ಹಾಗೇ ಕಾಣುವುದರಿಂದ ಕೈ ತಾನಾಗಿಯೇ ಜಾಸ್ತಿ ಬಡಿಸಿಬಿಡಬಹುದು. ಬಡಿಸುವವರನ್ನೂ ನೆನಪಿಡಿ. ಊಟ ತುಂಬಿದ ಮೂರು ತಟ್ಟೆ ಕೊಟ್ಟು, ಅವನ್ನು ಎತ್ತಿಕೊಂಡು ನಡೆಯಲು ಅವರಿಗೇ ಹೇಳಿ. ಅವರು ಬೇಡ ಅಂದರೆ ಬೇಡ.

ಚಮಚ, ಫೋರ್ಕ್‌ಗಳ ಮೇಲೆ 18/10, 18/0 ಅಂತ ಬರೆದಿರುತ್ತದೆ. ಮೊದಲನೆಯ ಸಂಖ್ಯೆ ಸ್ಟೀಲಿನಲ್ಲಿರುವ ಕ್ರೋಮಿಯಂ, ಎರಡನೆಯದು ನಿಕ್ಕೆಲ್, ಎರಡೂ ಶೇಕಡಾ ಲೆಕ್ಕದಲ್ಲಿ. ನಿಕ್ಕೆಲ್ ಇರುವುದಕ್ಕೆ ಹೊಳಪು ಚೆನ್ನಾಗಿರುತ್ತದೆ, ತುಕ್ಕು ಸುಲಭವಾಗಿ ಬರುವುದಿಲ್ಲ. 18/0 ಸ್ವಲ್ಪ ಅಗ್ಗ, ಅಯಸ್ಕಾಂತಕ್ಕೆ ಅಂಟುತ್ತದೆ. ಈ ಗುಣ ರೆಸ್ಟೋರೆಂಟಿಗೆ ಉಪಯೋಗ. ಎಂಜಲಿನ ಜೊತೆ ಕಸದ ಬುಟ್ಟಿಗೆ ಬೀಳುವ ಚಮಚಗಳು ಬಹಳ. ಬುಟ್ಟಿಯ ಬಾಯಿಗೆ ಅಯಸ್ಕಾಂತದ ಮುಚ್ಚಳ ಹಾಕಿದರೆ 18/0 ಚಮಚ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಾಕುಗಳ ಅಲಗು ಮಾತ್ರ ಬೇರೆ ಸ್ಟೀಲಿನದು, ಹರಿತ ನಿಲ್ಲಬೇಕಲ್ಲ. ಅವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಡಿ, ಚುಕ್ಕೆ ಬರುತ್ತದೆ.

ಲೋಟಕ್ಕೆ ಟೆಂಪರ್ ಮಾಡಿದ, ಅಂದರೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ ಗಾಜು ಸಾಕು. ಒಂದರೊಳಗೊಂದು ಹಾಕಿದಾಗ ಸಿಕ್ಕಿಕೊಳ್ಳದ ಆಕಾರ ನೋಡಿಕೊಳ್ಳಿ.

ಟೇಬಲ್ ಮೇಲೆ ಸುಮ್ನೆ ತುಂಬಿಸಬೇಡಿ. ಬಲಕ್ಕೆ ಚಾಕು, ಅಲಗು ತಟ್ಟೆಯ ಕಡೆಗೆ. ಎಡಕ್ಕೆ ಫೋರ್ಕ್. ಚಾಕುವಿನ ತುದಿಯ ಮೇಲ್ಗಡೆ ಲೋಟ, ಜೊತೆಗೊಂದು ನ್ಯಾಪ್ಕಿನ್. ಸೂಪಿನ ಚಮಚ ಸೂಪ್ ಜೊತೆಗೇ ಬರಲಿ. ಬಳಸದಿದ್ದರೂ ಟೇಬಲ್ ಮೇಲೆ ಇಟ್ಟದ್ದನ್ನೆಲ್ಲ ಮತ್ತೆ ತೊಳೆಯಲೇಬೇಕು ಅಲ್ವಾ? ಮೇಜುಬಟ್ಟೆ ಹಾಸುವುದಾದರೆ ಸುತ್ತಲೂ 20ರಿಂದ 30 ಸೆಂ.ಮೀ. ಇಳಿಬಿದ್ದರೆ ಸಾಕು, ಕೂತವರ ತೊಡೆಯ ಮೇಲೆ ರಾಶಿ ಬೀಳುವುದಿಲ್ಲ.

ಎಷ್ಟು ಅಂದರೆ, ಒಂದು ಸೆಟ್ ಟೇಬಲ್ ಮೇಲೆ, ಒಂದು ತೊಳೆಯಲು, ಒಂದು ಕಪಾಟಿನಲ್ಲಿ. ಹಾಗೆ 40 ಸೀಟಿಗೆ ಚಮಚ, ಫೋರ್ಕ್ ತಲಾ 120 ಬೇಕು. ತೊಳೆಯುವ ಯಂತ್ರ ಚುರುಕಾಗಿದ್ದರೆ ದೊಡ್ಡ ತಟ್ಟೆ 80ರಿಂದ 100 ಸಾಕಾಗಬಹುದು. ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಈ ಡಿಸೈನ್ ಎರಡು ವರ್ಷ ಆದ ಮೇಲೂ ಸಿಗುತ್ತಾ, ಬಿಡಿ ಬಿಡಿಯಾಗಿ ಕೊಡುತ್ತೀರಾ? ತಡವರಿಸಿದರೆ ಬೇರೆ ಡಿಸೈನ್ ನೋಡಿ. ತಟ್ಟೆಗಳು ಒಡೆದೇ ಒಡೆಯುತ್ತವೆ, ಆಗ ಅದಕ್ಕೆ ಜೋಡಿ ಸಿಗಬೇಕು.