ಅಚ್ಚುಮೊಳೆ ಮುದ್ರಣದಲ್ಲಿ ಹತೋಟಿ ತಪ್ಪುವುದನ್ನು ತೋರಿಸುವುದು ಹೇಗೆ?

ಚಿಕ್ಕಮಗಳೂರಿನ ಹಳೇ ಪ್ರೆಸ್ಸೊಂದರವರು ಟ್ರೆಡಲ್ (ಕಾಲಲ್ಲಿ ತುಳಿದು ಓಡಿಸುವ ಅಚ್ಚುಯಂತ್ರ) ಬಳಸಲು ಬಿಡುತ್ತೇವೆ ಅಂದಿದ್ದಾರೆ, ಚೇಸ್ (ಮೊಳೆಗಳನ್ನು, ಅಂದರೆ ಸೀಸದ ಅಕ್ಷರದಚ್ಚುಗಳನ್ನು, ಹಿಡಿದಿಡುವ ಕಬ್ಬಿಣದ ಚೌಕಟ್ಟು) ಬಿಗಿ ಮಾಡದೆ ಮೊಳೆ ಅಲುಗಾಡುವಂತೆ ಬಿಟ್ಟು ಹೊಡೆದರೆ ಹತೋಟಿ ತಪ್ಪಿದ ಭಾವ ಬರುತ್ತದಾ ಅಂತ ಕೇಳಿದ್ದೀರಿ. ಟ್ರೆಡಲ್ ಮೇಲೆ ಅದೊಂದು ಮಾತ್ರ ಬೇಡ. ಅದರ ಬೆಡ್, ಅಂದರೆ ಚೇಸ್ ಕೂರಿಸುವ ತಟ್ಟೆ, ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಸಡಿಲವಾದ ಮೊಳೆ ರೋಲರ್ ಎಳೆತಕ್ಕೆ ಈಚೆ ಬಂದರೆ ಜಜ್ಜಿಹೋಗುತ್ತದೆ, ರೋಲರ್ ಹರಿಯುತ್ತದೆ, ತೆಗೆಯಲು ಕೈ ಹಾಕಿದರೆ ಬೆರಳಿಗೂ ಅಪಾಯ.

ನನ್ನ ಪ್ರಕಾರ ಹಿಡಿತವನ್ನು ಒಂದೇ ಕಡೆ ಬಿಡಬೇಕು, ಉಳಿದದ್ದೆಲ್ಲ ಲಗ್ನಪತ್ರಿಕೆಯಷ್ಟು ಅಚ್ಚುಕಟ್ಟಾಗಿರಬೇಕು. ಎಲ್ಲವನ್ನೂ ಬಿಟ್ಟರೆ ಜನಕ್ಕೆ ಕೆಟ್ಟ ಪ್ರಿಂಟಿಂಗ್ ಅಷ್ಟೇ ಕಾಣುವುದು.

ಟ್ರೆಡಲ್‌ನಲ್ಲಿ ಆಟವಾಡಲು ಒಳ್ಳೆಯ ಜಾಗ ಪ್ಯಾಕಿಂಗ್, ಅಂದರೆ ಅಚ್ಚಾಗುವ ಕಾಗದದ ಹಿಂದೆ ಒತ್ತಡಕ್ಕಾಗಿ ಹಾಸುವ ಹಾಳೆಗಳು. ಚೇಸ್ ಬಿಗಿ ಮಾಡಿ, ಒಂದು ಮೂಲೆ ತುಸು ಎತ್ತಿ ಬೆರಳಲ್ಲಿ ಒತ್ತಿ ನೋಡಿ. ಒಂದು ಮೊಳೆಯೂ ಅಲುಗಬಾರದು. ಶುದ್ಧವಾದ ಪ್ರೂಫ್ ಒಂದು ತೆಗೆದಿಟ್ಟುಕೊಳ್ಳಿ. ಆಮೇಲೆ ಚಕ್ರ ಪೂರ್ತಿ ನಿಲ್ಲಿಸಿ, ಟಿಂಪನ್ (ಪ್ಯಾಕಿಂಗ್ ಮೇಲೆ ಬಿಗಿಯುವ ಹೊದಿಕೆ ಹಾಳೆ) ಕೆಳಗಿನ ಒಂದು ಹಾಳೆಯನ್ನು ಓರೆಯಾಗಿ ಹರಿದು ಬಲಭಾಗ ತೆಗೆಯಿರಿ. ಕತ್ತರಿ ಹಾಕಬೇಡಿ, ಕತ್ತರಿಸಿದ ಅಂಚು ಅಕ್ಷರದ ಮೇಲೆ ಗೆರೆಯಾಗಿ ಮೂಡುತ್ತದೆ. ಹರಿದ ಅಂಚಾದರೆ ಸಾಲು ಎಡದಲ್ಲಿ ಗಾಢವಾಗಿ ಶುರುವಾಗಿ ಬಲಕ್ಕೆ ಹೋಗುತ್ತ ಬಡಕಲಾಗುತ್ತದೆ. ಸಾಲದಿದ್ದರೆ ಇನ್ನೊಂದು ಹಾಳೆ, ಹರಿಯುವ ಜಾಗ ಒಂದಂಗುಲ ಸರಿಸಿ. ಉಲ್ಟಾ ಪರಿಣಾಮ ಬೇಕಾದರೆ ಬ್ಲಾಟಿಂಗ್ ಪೇಪರ್ ತುಂಬಿ ಇಂಕ್ ಹೆಚ್ಚು ಮಾಡಿ: ಅಕ್ಷರ ಊದಿಕೊಂಡು ಥ ಯಾವುದು ಧ ಯಾವುದು ಗೊತ್ತಾಗದ ಹಾಗೆ ಒಳಗಣ್ಣು (ಅಕ್ಷರದೊಳಗಿನ ಖಾಲಿ ಜಾಗ) ಮುಚ್ಚುತ್ತದೆ.

ಕನ್ನಡಕ್ಕೇ ಸಲ್ಲುವ ಇನ್ನೊಂದು ದಾರಿಯಿದೆ. ಒತ್ತಕ್ಷರದ ಮೊಳೆ ಬೇರೆಯಾಗಿದ್ದರೆ ಅದನ್ನಷ್ಟೇ ತೆಗೆದು, ಅದೇ ಅಗಲದ ಸ್ಪೇಸ್ (ಅಚ್ಚಾಗದ ಖಾಲಿ ತುಂಡು) ತುಂಬಿ. ‘ತಪ್ಪಿಹೋಯ್ತು’ ಅನ್ನುವುದು ‘ತಪಿಹೋಯು’ ಆಗುತ್ತದೆ. ಮುದ್ರಣ ಚೊಕ್ಕವಾಗಿದ್ದಷ್ಟೂ ಓದುವವರು ಎಡವುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ.

ಅಲುಗಾಡುವ ಮೊಳೆಯೇ ಬೇಕಾದರೆ ಸಮತಟ್ಟಾದ ಕಲ್ಲಿನ ಮೇಲೆ ಮಾಡಿ. ಸುತ್ತ ನಾಲ್ಕು ಕಡೆ ಮೊಳೆಯಷ್ಟೇ ಎತ್ತರದ, ಅಂದರೆ 0.918 ಇಂಚಿನ ಪಟ್ಟಿಗಳನ್ನಿಟ್ಟು, ಕೈರೋಲರಿನಲ್ಲಿ ತೆಳುವಾಗಿ ಇಂಕ್ ಕೊಡಿ. ತೆಳ್ಳನೆ ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ಮತ್ತೆ ಇಂಕ್ ಕೊಡದೆ ಹಾಳೆ ಬದಲಿಸುತ್ತ ಹೋದರೆ ಅಕ್ಷರ ಓರೆಯಾಗುವುದೂ ಮಾಸುವುದೂ ಒಟ್ಟಿಗೇ ನಡೆಯುತ್ತದೆ.

ಮಳೆಗಾಲದಲ್ಲಿ ಎರಡು ಬಣ್ಣ ಹೊಡೆಯುವುದಾದರೆ, ಕಾಗದ ತೇವ ಹೀರಿ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಎರಡನೇ ಬಣ್ಣ ಕೂರುವುದಿಲ್ಲ. ಮಾಮೂಲಿ ಕೆಲಸಕ್ಕೆ ಅದು ಕಾಟ. ನಿಮಗೆ ಬಿಟ್ಟಿ ಸಿಗುವ ಸಲಕರಣೆ. ಆದರೆ ಅದೇ ತೇವದಿಂದ ಹಳೇ ಮೊಳೆಯ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಅದು ಸೀಸದ ತುಕ್ಕು, ವಿಷ. ಒಣ ಬ್ರಷ್‌ನಲ್ಲಿ ಉಜ್ಜಿ ಎಬ್ಬಿಸಬೇಡಿ, ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಸೋಪು ಹಾಕಿ ಕೈ ತೊಳೆದೇ ತಿಂಡಿ ಮುಟ್ಟಿ.